ಟೊರೊಂಟೊದ ಅಷ್ಟಮಿ

ಮೂವತ್ತೊಂದು ವರ್ಷ ಮುಂಬೈಯ ಫೋರ್ಟಿನ ಒಂದು ಬ್ಯಾಂಕಿನಲ್ಲಿ ಸಹಿ ತಾಳೆ ನೋಡುವ ಕೆಲಸ ಮಾಡಿದವನು ನಾನು. ಚೆಕ್ಕಿನ ಮೇಲಿನ ಸಹಿಯನ್ನೂ ಕಾರ್ಡಿನ ಮೇಲಿನ ಸಹಿಯನ್ನೂ ಪಕ್ಕಪಕ್ಕ ಇಟ್ಟರೆ ಸುಳ್ಳು ಯಾವುದು, ನಿಜ ಯಾವುದು ಎಂದು ಹೇಳಲು ನನಗೆ ಅರ್ಧ ನಿಮಿಷ ಸಾಕಾಗುತ್ತಿತ್ತು. ಜಯಸಿಂಹನ ಕಣ್ಣು ತಪ್ಪಿಸಿ ಏನೂ ಹೋಗುವುದಿಲ್ಲ ಎಂದು ಮ್ಯಾನೇಜರುಗಳು ಹೇಳುತ್ತಿದ್ದರು. ಆ ಮಾತನ್ನು ನಾನು ಮಲಾಡಿನ ಮನೆಗೆ ತಂದು ಹೆಂಡತಿ ಪಂಕಜಾಗೂ ಮಗಳು ಸಾಧನಾಗೂ ಅವರಿಗೆ ಬೇಜಾರು ಬರುವಷ್ಟು ಸಲ ಹೇಳಿದ್ದೇನೆ. ಈಗ ಅದನ್ನು ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

ನನ್ನ ಇನ್ನೊಂದು ಹೆಮ್ಮೆ ಪಂಚಾಂಗದ್ದು. ತಿಥಿ ನೋಡುವುದನ್ನು ಮೈಸೂರಿನಲ್ಲಿ ನಮ್ಮ ತಂದೆ ಹೇಳಿಕೊಟ್ಟಿದ್ದರು. ಮುಂಬೈಯಲ್ಲಿ ಸೂರ್ಯ ಮೈಸೂರಿಗಿಂತ ಹೆಚ್ಚುಕಡಿಮೆ ಕಾಲು ಗಂಟೆ ತಡವಾಗಿ ಹುಟ್ಟುತ್ತಾನೆ. ಆ ಕಾಲು ಗಂಟೆಯಲ್ಲಿ ಒಮ್ಮೊಮ್ಮೆ ದಿನವೇ ಬದಲಾಗಿಬಿಡುತ್ತದೆ. ಊರಿನ ಕ್ಯಾಲೆಂಡರು ನೋಡಿ ಇಲ್ಲಿ ತಿಥಿ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸೊಸೈಟಿಯ ಕನ್ನಡದವರು, ಆಫೀಸಿನ ಹಳಬರು, ತಮ್ಮ ತಂದೆತಾಯಿಯರ ಶ್ರಾದ್ಧದ ದಿನ ಯಾವತ್ತು ಬರುತ್ತದೆ ಎಂದು ನನ್ನನ್ನೇ ಕೇಳುತ್ತಿದ್ದರು.

ಹಾಗೆ ಕೇಳುತ್ತಿದ್ದವರಲ್ಲಿ ಸದಾನಂದ ಒಬ್ಬ. ಬ್ಯಾಂಕಿನ ಹಿಂದಿನ ಗಲ್ಲಿಯ ಉಡುಪಿ ಹೋಟೆಲಿನಲ್ಲಿ ಅವನು ಸಪ್ಲಾಯರ್. ನಾನು ಕೂರುತ್ತಿದ್ದುದು ಯಾವಾಗಲೂ ಕೈತೊಳೆಯುವ ಬೇಸಿನ್ನಿನ ಪಕ್ಕದ ಮೇಜಿಗೆ. ನನಗೆ ಈರುಳ್ಳಿ ಹಾಕಿದ ಸಾಂಬಾರು ಆಗದು, ಕಾಫಿಗೆ ಅರ್ಧ ಚಮಚ ಸಕ್ಕರೆ, ಏಕಾದಶಿಯ ದಿನ ಹಣ್ಣು ಹಾಲು ಮಾತ್ರ. ಇದನ್ನೆಲ್ಲ ನಾನು ಅವನಿಗೆ ಹೇಳಿದ್ದು ಒಂದೇ ಸಲ. ವರ್ಷಕ್ಕೊಮ್ಮೆ, ನಾನು ಕೈತೊಳೆದು ಬರುವ ಹೊತ್ತಿಗೆ, ಅವನು ಬಿಲ್ಲಿನ ಚೀಟಿಯನ್ನು ಮಗುಚಿ ಹಾಕಿ ಪೆನ್ನು ಹಿಡಿದು ನಿಂತಿರುತ್ತಿದ್ದ. ಅವನ ತಾಯಿಯ ದಿನವನ್ನು ನಾನು ಚೀಟಿಯ ಹಿಂದೆ ಬರೆದು ಕೊಡಬೇಕು. ಅವರಲ್ಲಿ ಈ ಕೆಲಸಕ್ಕೆ ಪುರೋಹಿತರು ಬರುವುದಿಲ್ಲ. ಸತ್ತವರಿಗೆ ಇಷ್ಟವಾದ ಅಡುಗೆಯನ್ನು ಮನೆಯವರೇ ಮಾಡಿ, ಎಲೆ ಹಾಕಿ ಬಡಿಸಿ, ಬಾಗಿಲು ಮುಂದೆ ಮಾಡಿಕೊಂಡು ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಆಮೇಲೆ ಒಂದು ಪಾಲನ್ನು ಕಾಗೆಗೆ ಇಡುತ್ತಾರೆ. ಅವರಿಗೆ ಬೇಕಾದದ್ದು ಸರಿಯಾದ ದಿನ ಮಾತ್ರ, ಅದಕ್ಕೆ ನಾನಿದ್ದೆ.

ನಾನು ನಿವೃತ್ತನಾದ ಮೇಲೂ ವರ್ಷಕ್ಕೊಮ್ಮೆ ಅವನ ಫೋನು ತಪ್ಪುತ್ತಿರಲಿಲ್ಲ. ಹೋದ ವರ್ಷ ಫೋನು ಬಂದದ್ದು ಅವನ ಹೆಂಡತಿ ವಾರಿಜಾ ಅವರಿಂದ. ಬೆಳಿಗ್ಗೆ ಎದ್ದು ಕೂತವನು ಎದೆ ಹಿಡಿದುಕೊಂಡು ಹೋಗಿಬಿಟ್ಟನಂತೆ. ಅವನ ಮನೆ ಜೋಗೇಶ್ವರಿಯಲ್ಲಿ, ಮಲಾಡಿನಿಂದ ಲೋಕಲ್ಲಿನಲ್ಲಿ ಮೂರನೇ ಸ್ಟೇಷನ್. ಮಂಡಿನೋವು ಎಂದು ಹೇಳಿ ನಾನು ಹೋಗಲಿಲ್ಲ. ಮಂಡಿ ನೋಯುತ್ತಿದ್ದುದು ನಿಜ, ಆದರೆ ಆ ವಾರವೇ ದಾದರಿನಲ್ಲಿ ಒಂದು ಮದುವೆಗೆ ಹೋಗಿ ಊಟ ಮಾಡಿಕೊಂಡು ಬಂದಿದ್ದೆ.

ಈ ವರ್ಷ ವಾರಿಜಮ್ಮ ಒಂದೂವರೆ ತಿಂಗಳು ಮುಂಚೆಯೇ ಫೋನು ಮಾಡಿದರು.

“ಅವರು ಪ್ರತಿ ವರ್ಷ ನಿಮ್ಮನ್ನೇ ಕೇಳ್ತಿದ್ರು ಸಾರ್. ಈಗ ಅವರದ್ದೇ ದಿನ ಕೇಳ್ಲಿಕ್ಕೆ ಉಂಟು.”

ಮಗ ಪ್ರೀತಮ್ ದೋಹಾದ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದಾನೆ, ನಾಲ್ಕೇ ದಿನ ರಜೆ ಸಿಗುತ್ತದೆ, ಈಗಲೇ ಹೇಳಿದರೆ ಟಿಕೆಟ್ ಮಾಡಿಸುತ್ತಾನೆ ಎಂದರು. ಸದಾನಂದ ತೀರಿಕೊಂಡ ತಾರೀಖು ಕೇಳಿಕೊಂಡು ನಾನು ಕಂಪ್ಯೂಟರಿನ ಮುಂದೆ ಕೂತೆ. ಬಹುಳ ಅಷ್ಟಮಿ. ಈ ವರ್ಷ ಮಂಗಳವಾರ ಬರುತ್ತದೆ ಎಂದು ಎರಡೇ ನಿಮಿಷದಲ್ಲಿ ಹೇಳಿದೆ. ಮುಂಬೈ ಹೊತ್ತಿಗೇ ನೋಡಿದ್ದೇನೆ, ಚಿಂತೆ ಮಾಡಬೇಡಿ ಎಂಬ ಮಾತನ್ನೂ ಸೇರಿಸಿದೆ.

ಕಂಪ್ಯೂಟರಿನ ವಿಷಯಕ್ಕೆ ಬರುತ್ತೇನೆ. ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಪಂಚಾಂಗದ ಪುಸ್ತಕದ ಅಕ್ಷರ ಇರುವೆ ಸಾಲಿನ ಹಾಗೆ ಕಾಣಿಸತೊಡಗಿತ್ತು. ಆಪರೇಷನ್ ಮುಂದಕ್ಕೆ ಹಾಕುತ್ತಾ ಬಂದಿದ್ದೆ. ಹಾಗಿರುವಾಗ ಒಂದು ದಿನ ‘ದೊಡ್ಡ ಅಕ್ಷರದ ಕನ್ನಡ ಪಂಚಾಂಗ, ಉಚಿತ’ ಎಂದು ಪರದೆಯ ಮೇಲೆ ಕಂಡಿತು. ಒತ್ತಿದೆ. ಅದು ಏನೇನೋ ಇಂಗ್ಲಿಷಿನಲ್ಲಿ ಕೇಳಿತು, ಎಲ್ಲದಕ್ಕೂ ಹೌದು ಎಂದೆ. ಬ್ಯಾಂಕಿನಲ್ಲಿ ಯಾರಾದರೂ ಓದದೆ ಸಹಿ ಹಾಕಿದರೆ ಅವರಿಗೆ ಪಾಠ ಹೇಳುತ್ತಿದ್ದ ಮನುಷ್ಯ ನಾನೇ.

ಅಂದಿನಿಂದ ಕಂಪ್ಯೂಟರಿನ ನಡತೆ ಬದಲಾಯಿತು. ಬ್ರೌಸರ್ ತೆರೆದರೆ ನಮ್ಮ ಹಳೆಯ ಪುಟ ಬರುತ್ತಿರಲಿಲ್ಲ, ನೀಲಿ ಬಣ್ಣದ ಇನ್ನೊಂದು ಪುಟ ಬರುತ್ತಿತ್ತು. ಏನು ಹುಡುಕಿದರೂ ಆ ನೀಲಿ ಪುಟವೇ ಉತ್ತರ ಕೊಡುತ್ತಿತ್ತು. ಮಂಡಿನೋವಿನ ಎಣ್ಣೆಯ ಜಾಹೀರಾತು ಪರದೆಯ ಮೂಲೆಯಲ್ಲಿ ಕೂತು ಏಳುತ್ತಿರಲಿಲ್ಲ. ಸಾಧನಾ ಎರಡು ಸಲ ಎಚ್ಚರಿಸಿದಳು. ಮಲಾಡಿನಲ್ಲೇ ಒಂದು ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದೇ ಅವಳ ಕೆಲಸ. ಇದು ಹೊರಗಿನದು ಒಳಗೆ ಸೇರಿಕೊಂಡಿದೆ, ಮುಟ್ಟಬೇಡ, ನಾನು ನೋಡುತ್ತೇನೆ ಎಂದಳು. ನೀನು ಹುಟ್ಟುವ ಮೊದಲೇ ಬ್ಯಾಂಕಿನಲ್ಲಿ ನಾನು ಕಂಪ್ಯೂಟರ್ ನೋಡಿದ್ದೇನೆ ಎಂದು ಗದರಿದೆ. ನಿಜ ಹೇಳಬೇಕೆಂದರೆ ಆ ನೀಲಿ ಪುಟ ನನಗೆ ಇಷ್ಟವಾಗಿತ್ತು. ಅದರಲ್ಲಿ ಪಂಚಾಂಗ ದೊಡ್ಡದಾಗಿ, ಕಣ್ಣಿಗೆ ಹಿತವಾಗಿ ಕಾಣುತ್ತಿತ್ತು.

ಸದಾನಂದನ ದಿನ ಕಳೆದು ಬಂದ ಶನಿವಾರ ಕಂಪ್ಯೂಟರ್ ಪೂರ್ತಿ ಕೈಕೊಟ್ಟಿತು. ಕೀಲಿ ಒತ್ತಿದ ಎಷ್ಟೋ ಹೊತ್ತಿಗೆ ಅಕ್ಷರ ಮೂಡುತ್ತಿತ್ತು. ಅವತ್ತು ಸಾಧನಾಗೆ ರಜೆ. ಬೈಗುಳ ತಿನ್ನುವುದಕ್ಕೆ ಸಿದ್ಧಳಾಗಿಯೇ ಬಂದು ಕೂತಳು. ನಾನು ಕುರ್ಚಿ ಬಿಟ್ಟುಕೊಟ್ಟು ಪಕ್ಕದ ಸ್ಟೂಲಿನಲ್ಲಿ ಕೂತೆ.

ಅವಳು ಮೊದಲು ಮಾಡಿದ್ದು ಇಂಟರ್ನೆಟ್ಟಿನ ತಂತಿಯನ್ನು ಕಿತ್ತದ್ದು. ಆಮೇಲೆ ಒಳಗಿರುವ ಪ್ರೋಗ್ರಾಮುಗಳನ್ನೆಲ್ಲ ತಾರೀಖಿನ ಪ್ರಕಾರ ಸಾಲಾಗಿ ನಿಲ್ಲಿಸಿದಳು. ನಾನು ಪಂಚಾಂಗ ಇಳಿಸಿಕೊಂಡ ಆ ಒಂದೇ ದಿನ, ಹತ್ತು ನಿಮಿಷದೊಳಗೆ, ನಾಲ್ಕು ಪ್ರೋಗ್ರಾಮುಗಳು ಬಂದು ಕೂತಿದ್ದವು. ನಾನು ಕರೆದದ್ದು ಒಂದನ್ನು. ಒಂದೊಂದನ್ನೇ ತೆಗೆದಳು. ಒಂದು ಮಾತ್ರ ತೆಗೆದ ಹಾಗೆಲ್ಲ ಮತ್ತೆ ಬರುತ್ತಿತ್ತು, ಅದನ್ನು ಹಿಡಿಯಲು ಆಫೀಸಿನಿಂದ ತಂದ ಪೆನ್‌ಡ್ರೈವಿನಿಂದ ತಪಾಸಣೆ ನಡೆಸಿದಳು. ಬ್ರೌಸರಿಗೆ ಅಂಟಿಕೊಂಡಿದ್ದ ಇನ್ನೆರಡನ್ನು ಕಿತ್ತಳು. ಪರದೆಯ ಮೇಲಿನ ಬ್ರೌಸರಿನ ಗುರುತಿಗೇ ಆ ನೀಲಿ ಪುಟದ ವಿಳಾಸವನ್ನು ಬಾಲದಂತೆ ಕಟ್ಟಿದ್ದರು. ಅದನ್ನು ಬಿಚ್ಚದೆ ಉಳಿದದ್ದನ್ನೆಲ್ಲ ತೆಗೆದರೂ ನೀಲಿ ಪುಟವೇ ಬರುತ್ತಿತ್ತಂತೆ.

ಕೆಲಸ ಮಾಡುತ್ತಲೇ ವಿವರಿಸಿದಳು. ಆ ನಾಲ್ಕರಲ್ಲಿ ಒಂದು ಬೇಹು ನಡೆಸುವಂಥದ್ದು, ನಾನು ಎಲ್ಲಿ ನೋಡುತ್ತೇನೆ, ಏನು ಒತ್ತುತ್ತೇನೆ ಎಂಬುದನ್ನೆಲ್ಲ ಬರೆದುಕೊಂಡು ಹೊರಗೆ ಕಳಿಸುತ್ತಿತ್ತು. ನನ್ನ ಎಲ್ಲ ಪಾಸ್‌ವರ್ಡುಗಳನ್ನೂ ಆಗಲೇ ತನ್ನ ಫೋನಿನಿಂದ ಬದಲಾಯಿಸಿದಳು. ಏನೂ ಕಳೆದುಹೋಗಿರಲಿಲ್ಲ. ಪಂಕಜಾ ದೇವರಿಗೆ ಕೈ ಮುಗಿದಳು. ನನಗೆ ಮಾತ್ರ, ಸದಾನಂದ ಸತ್ತ ತಾರೀಖನ್ನು ನಾನು ಒತ್ತಿದ್ದೂ ಯಾವುದೋ ದೇಶದಲ್ಲಿ ಯಾರದೋ ಪಟ್ಟಿಗೆ ಸೇರಿದೆಯಲ್ಲ ಎನಿಸಿತು. ಅದನ್ನು ಇಟ್ಟುಕೊಂಡು ಅವರಿಗೆ ಆಗಬೇಕಾದ್ದೇನೂ ಇಲ್ಲ. ಆದರೂ ಹೇಸಿಗೆಯಾಯಿತು.

ಕೊನೆಗೆ ಒಂದು ವಿಷಯ ಅವಳ ಕಣ್ಣಿಗೆ ಬಿತ್ತು. ತಂತಿ ಮತ್ತೆ ಸಿಕ್ಕಿಸಿ, ನನ್ನ ಪಂಚಾಂಗದ ಪುಟ ತೆರೆದು, ಎಣ್ಣೆಯ ಜಾಹೀರಾತು ಹಿಂದೆಲ್ಲ ಮುಚ್ಚಿಕೊಂಡಿರುತ್ತಿದ್ದ ಮೂಲೆಗೆ ಬೆರಳಿಟ್ಟಳು. ಅಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಊರಿನ ಹೆಸರಿತ್ತು. ಟೊರೊಂಟೊ.

“ಅಪ್ಪ, ನೀನು ಮುಂಬೈಲಿ ಇದ್ದೀಯ ಅಂತ ಈ ಸೈಟ್‌ಗೆ ಪತಾನೇ ಇಲ್ಲ, ಗೊತ್ತೇ ಇಲ್ಲ. ನಿನ್ನ ಇಂಟರ್ನೆಟ್‌ನ ಆ ನೀಲಿ ಪುಟದವರು ಪೂರಾ ಕೆನಡಾ ಸೆ ಘುಮಾಕೆ, ಸುತ್ತು ಹಾಕಿಸಿ ತರ್ತಾ ಇದ್ರು. ಸೋ ಇದು ಅಲ್ಲಿಯ ಟೈಮ್ ತೋರಿಸ್ತಾ ಇದೆ.”

ಅಷ್ಟು ಹೇಳಿ ಅವಳು ಪರದೆಯ ಮೇಲೆ ಇನ್ನೊಂದು ಪೆಟ್ಟಿಗೆ ತೆರೆದು ಆ ಸುತ್ತುದಾರಿಯನ್ನು ಕತ್ತರಿಸಿದಳು. ಪುಟ ಮತ್ತೆ ತೆರೆದಾಗ ಮೂಲೆಯಲ್ಲಿ ಮುಂಬೈ ಎಂದಿತ್ತು. ಅವಳಿಗೆ ಕೆಲಸ ಮುಗಿದ ಸಂತೋಷ. ನನಗೆ ನಾನು ಹೇಳಿದ ದಿನಗಳು ನೆನಪಾದವು. ಎರಡು ತಿಂಗಳಲ್ಲಿ ನಾನು ಮೂವರಿಗೆ ದಿನ ಹೇಳಿದ್ದೆ. ಕಪಾಟಿನಿಂದ ಪಂಚಾಂಗದ ಪುಸ್ತಕ ತೆಗೆದು ಸಾಧನಾಳ ಕೈಗೆ ಕೊಟ್ಟು ಓದಿಸಿದೆ. ಕನ್ನಡ ಅಕ್ಷರ ಕೂಡಿಸಿಕೊಂಡು ಅವಳು ನಿಧಾನವಾಗಿ ಓದಿದಳು. ಇಬ್ಬರದು ಹೇಗೋ ಸರಿಯಿತ್ತು. ಸದಾನಂದನದು ತಪ್ಪಿತ್ತು.

ಅಷ್ಟಮಿ ಶುರುವಾಗಿದ್ದು ನಮ್ಮ ಮಂಗಳವಾರ ರಾತ್ರಿ ಎಂಟಕ್ಕೆ. ಇಂಥ ದಿನಕ್ಕೆ ಲೆಕ್ಕ ಮಧ್ಯಾಹ್ನ ಇರುವ ತಿಥಿ, ನಮಗೆ ಅಷ್ಟಮಿಯ ಮಧ್ಯಾಹ್ನ ಸಿಗುವುದು ಬುಧವಾರ. ನಮಗೆ ಮಂಗಳವಾರ ರಾತ್ರಿಯಾದಾಗ ಟೊರೊಂಟೊದಲ್ಲಿ ಇನ್ನೂ ಮಂಗಳವಾರದ ಬೆಳಿಗ್ಗೆ, ಹಾಗಾಗಿ ಅಲ್ಲಿಯವರಿಗೆ ಮಂಗಳವಾರ ಮಧ್ಯಾಹ್ನವೇ ಅಷ್ಟಮಿ. ಮೈಸೂರಿನ ಕಾಲು ಗಂಟೆಗೆ ಜನರನ್ನು ಹೀಯಾಳಿಸುತ್ತಿದ್ದ ನಾನು, ಮೂವತ್ತೊಂದು ವರ್ಷ ನನಗೆ ಬಡಿಸಿದ ಮನುಷ್ಯನಿಗೆ ಬೇರೆ ಖಂಡದ ದಿನವನ್ನು ಕೊಟ್ಟಿದ್ದೆ. ಸಪ್ತಮಿಯ ದಿನ ಎಲೆ ಹಾಕಿದ್ದಾರೆ. ಟಿಕೆಟ್ ಆದಾಗ ವಾರಿಜಮ್ಮ ತಿಳಿಸಿದ್ದ ಪ್ರಕಾರ, ನಿಜವಾದ ದಿನ, ಬುಧವಾರ ಮಧ್ಯಾಹ್ನ, ಅವನ ಮಗ ದೋಹಾಕ್ಕೆ ಹೋಗುವ ವಿಮಾನದಲ್ಲಿದ್ದ.

ಪಂಕಜಾ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡಳು. ನಾನು ಜೋಗೇಶ್ವರಿಗೆ ಹೋಗಿ ಹೇಳಿಬರುತ್ತೇನೆ ಎಂದಾಗ ತಡೆದಳು.

“ಹೇಳಿ ಏನ್ ಮಾಡ್ತೀರಿ? ಆ ಹುಡುಗ ವಾಪಸ್ ಹೋಗಾಯ್ತು. ಆಕೆ ಗಂಡನಿಗೆ ಮಾಡಬೇಕಾದ್ದು ಮಾಡಿದೆ ಅಂತ ನೆಮ್ಮದಿಯಾಗಿರ್ತಾರೆ. ನಿಮ್ಮ ಮನಸ್ಸಿನ ಭಾರ ಇಳಿಸಿಕೊಳ್ಳೋಕೆ ಅವರ ನೆಮ್ಮದಿ ಯಾಕೆ ಕೆಡಿಸ್ತೀರಿ?”

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ಅವತ್ತು ಹೋಗಲಿಲ್ಲ. ನಾನು ಬಾಯಿ ಮುಚ್ಚಿಕೊಂಡರೆ ಈ ಭೂಮಿಯ ಮೇಲೆ ಇದು ಯಾರಿಗೂ ಗೊತ್ತಾಗುವ ಸಂಗತಿಯಲ್ಲ. ಆದರೆ ಖೋಟಾ ಸಹಿ ಎಂದು ಗೊತ್ತಾದ ಮೇಲೂ ಚೆಕ್ಕನ್ನು ಮುಂದಕ್ಕೆ ದಾಟಿಸಿದ ಹಾಗೆ ಆಗುತ್ತದಲ್ಲ ಎಂದು ಮನಸ್ಸು ಕೊರೆಯುತ್ತಲೇ ಇತ್ತು. ಭಾನುವಾರ ಬೆಳಿಗ್ಗೆ ಪಂಚಾಂಗದ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಸ್ಲೋ ಲೋಕಲ್ ಹತ್ತಿದೆ.

ಅವರಿದ್ದ ಒಂದೊಂದೇ ಕೋಣೆಯ ಸಾಲುಮನೆಗಳ ಚಾಳಿನ ಹಿಂದೆಯೇ ಪ್ಲಾಸ್ಟಿಕ್ ಮುಚ್ಚಳ ಮಾಡುವ ಒಂದು ಕಾರ್ಖಾನೆ. ಭಾನುವಾರವೂ ಅದರ ಯಂತ್ರ ಬಡಿಯುತ್ತಿತ್ತು. ವಾರಿಜಮ್ಮನನ್ನು ನಾನು ನೋಡಿದ್ದು ಅದೇ ಮೊದಲು. ಸಣ್ಣಗಿದ್ದರು, ಕಣ್ಣಿನ ಕೆಳಗೆ ಕಪ್ಪಾಗಿತ್ತು. ಹೆಸರು ಹೇಳಿದ ಕೂಡಲೇ ಒಳಗೆ ಕರೆದು ಇದ್ದ ಒಂದೇ ಕುರ್ಚಿಯನ್ನು ಫ್ಯಾನಿನ ಕೆಳಗೆ ಹಾಕಿದರು. ಕೇಳದೆಯೇ ಕಾಫಿ ಮಾಡಿ ತಂದರು. ಸಕ್ಕರೆ ಅರ್ಧ ಚಮಚ ಅಲ್ವಾ ಸಾರ್ ಎಂದರು. ಗೋಡೆಯ ಮೇಲೆ ಸದಾನಂದನ ಫೋಟೋ ಇತ್ತು, ಒಣಗಿದ ಸೇವಂತಿಗೆ ಹಾರದೊಳಗೆ. ಫೋಟೋ ನೋಡಿಕೊಂಡು ಆ ಕಾಫಿ ಕುಡಿಯುವುದು ನನ್ನಿಂದಾಗಲಿಲ್ಲ, ಲೋಟ ಕೆಳಗಿಟ್ಟೆ.

“ವಾರಿಜಮ್ಮ, ನಾನು ಹೇಳಿದ ದಿನ ತಪ್ಪು. ಸದಾನಂದನ ದಿನ ಮಂಗಳವಾರ ಅಲ್ಲ, ಬುಧವಾರ ಇತ್ತು.”

ನಾನೇ ಮುಂದುವರಿಸಿ ಕಂಪ್ಯೂಟರು, ಕಳ್ಳ ಪ್ರೋಗ್ರಾಮು, ಟೊರೊಂಟೊ ಎಂದು ಏನೇನೋ ಹೇಳಿದೆ. ಹೇಳುತ್ತಾ ಹೋದಂತೆ ಅದೆಲ್ಲ ನೆಪದ ಹಾಗೆ ಕೇಳಿಸತೊಡಗಿತು. ನಿಲ್ಲಿಸಿ, ನಾನು ಪುಸ್ತಕ ನೋಡಬೇಕಿತ್ತು, ನೋಡಲಿಲ್ಲ, ತಪ್ಪು ನನ್ನದು ಎಂದೆ. ಖಂಡಿತವಾ ಎಂದು ಕೇಳಿದರು. ಪುಸ್ತಕ ತೆಗೆದು, ಸಾಧನಾ ಪೆನ್ಸಿಲಿನಲ್ಲಿ ಗೆರೆ ಎಳೆದ ಸಾಲನ್ನು ತೋರಿಸಿದೆ. ಅವರು ಬೆರಳಿಟ್ಟು ಓದಿದರು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಹಾಗೇ ನೆಲಕ್ಕೆ ಕೂತು ಅಳತೊಡಗಿದರು. ಪಂಕಜಾ ಹೇಳಿದ್ದೇ ಸರಿ, ನಾನು ಬರಬಾರದಿತ್ತು ಎಂದುಕೊಂಡೆ.

“ಹಾಗಾದ್ರೆ ಅವರಿಗೆ ನನ್ನ ಮೇಲೆ ಸಿಟ್ಟು ಇಲ್ಲ ಸಾರ್,” ಎಂದರು.

ನನಗೆ ಅರ್ಥವಾಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಅವರು ಹೇಳಿದ್ದು ಇಷ್ಟು. ಸಾಯುವ ಹಿಂದಿನ ಸಂಜೆ ಸದಾನಂದ ತೆಂಗಿನಕಾಯಿ ಅರೆದು ಮಾಡುವ ಬಂಗುಡೆ ಮೀನಿನ ಖಾರದ ಗಸಿ ಬೇಕು ಎಂದಿದ್ದ. ಪ್ರೆಶರ್ ಜಾಸ್ತಿ ಇದೆ, ಉಪ್ಪು ಖಾರ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಇವರು ಕೊಡಲಿಲ್ಲ, ಗಂಜಿ ಕೊಟ್ಟರು. ಎರಡು ಮಾತು ಆಯಿತು. ಅವನು ಅರ್ಧ ಗಂಜಿ ಬಿಟ್ಟು ಎದ್ದು ಮಲಗಿದ. ಬೆಳಿಗ್ಗೆ ಹೋಗಿಬಿಟ್ಟ. ವರ್ಷವೆಲ್ಲ ಇವರು ಕಾದದ್ದು ಆ ಗಸಿಯನ್ನು ಎಲೆಯ ಮೇಲೆ ಬಡಿಸುವುದಕ್ಕೆ. ಮಂಗಳವಾರ ತಾಯಿ ಮಗ ಸೇರಿ ಮಾಡಿ ಬಡಿಸಿದರು. ಕಾಗೆಗೆ ಇಟ್ಟರು. ಈ ಚಾಳಿನ ತಗಡಿನ ಮಾಡಿನ ಮೇಲೆ ದಿನವಿಡೀ ಕಾಗೆಗಳು. ಅವತ್ತು ಒಂದೂ ಮುಟ್ಟಲಿಲ್ಲ. ಸಂಜೆಯವರೆಗೆ ಕಾದರು.

“ನೀವು ಹೇಳಿದ ದಿನ ಯಾವತ್ತೂ ತಪ್ಪುದಿಲ್ಲ ಅಂತ ಅವರು ಹೇಳ್ತಿದ್ರು. ದಿನ ತಪ್ಪುದಿಲ್ಲ ಅಂದ್ಮೇಲೆ ತಪ್ಪು ನನ್ನದೇ ಅಲ್ವಾ? ಗಂಜಿ ಕೊಟ್ಟದ್ದು ಅವರು ಮರೀಲಿಲ್ಲ ಅಂತ ಗ್ರಹಿಸಿದೆ. ಐದು ದಿನ ಆಯ್ತು ಸಾರ್, ನನಗೆ ನಿದ್ದೆ ಇಲ್ಲ.”

ಕಾಗೆಗೆ ಸಪ್ತಮಿಯೂ ತಿಳಿಯದು, ಅಷ್ಟಮಿಯೂ ತಿಳಿಯದು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಬೇರೆ ದಿನವಾಗಿದ್ದರೆ ಆಡಿಯೂ ಬಿಡುತ್ತಿದ್ದೆ. ನುಂಗಿಕೊಂಡೆ. ನಾನು ಮನೆಯಲ್ಲಿ ಕೂತು ಅವರ ನೆಮ್ಮದಿ ಕೆಡಿಸಬಾರದು ಎಂದು ಯೋಚಿಸುತ್ತಿದ್ದಾಗ, ನನ್ನ ತಪ್ಪೇ ಇಲ್ಲಿ ಈ ಹೆಂಗಸನ್ನು ಹಗಲೂ ರಾತ್ರಿ ತಿನ್ನುತ್ತಿತ್ತು. ಸುಮ್ಮನಿದ್ದಿದ್ದರೆ ಅವರು ಸಾಯುವವರೆಗೂ ಆ ಗಂಜಿಯ ಭಾರ ಹೊರಬೇಕಿತ್ತು.

ಅಳು ನಿಂತ ಮೇಲೆ ಅವರಿಗೆ ಸಿಟ್ಟು ಬಂತು, ಬರಬೇಕಾದ್ದೇ. ಹುಡುಗ ಮಾಲೀಕರ ಕಾಲು ಹಿಡಿದು ಬಂದಿದ್ದ, ಇನ್ನೊಂದು ದಿನ ಇರು ಅಂದಿದ್ದರೆ ಇರುತ್ತಿದ್ದ ಎಂದರು. ಅವನಿಗೆ ಇದನ್ನು ತಾನು ಹೇಳುವುದಿಲ್ಲ, ನೀವೇ ಹೇಳಬೇಕು ಎಂದು ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. ಪ್ರೀತಮ್ ನಾನು ಹೇಳಿದ್ದನ್ನೆಲ್ಲ ಕೊನೆಯವರೆಗೆ ಕೇಳಿದ. ಹಿಂದೆ ಪಾತ್ರೆಗಳ ಸದ್ದು ಕೇಳಿಸುತ್ತಿತ್ತು. “ಠೀಕ್ ಹೈ ಅಂಕಲ್” ಎಂದು ಫೋನು ಇಟ್ಟ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ತಿಥಿ ಗೊತ್ತಿಲ್ಲದೆ ತಪ್ಪಿದರೆ ಅಮಾವಾಸ್ಯೆಗೆ ಮಾಡಬಹುದು ಎಂದು ನಮ್ಮ ತಂದೆ ಹೇಳುತ್ತಿದ್ದರು. ಅದನ್ನು ವಾರಿಜಮ್ಮನಿಗೆ ಹೇಳಿ, ಪುಸ್ತಕವನ್ನು ಅವರ ಕೈಗೇ ಕೊಟ್ಟು, ಅಮಾವಾಸ್ಯೆ ಯಾವತ್ತು ಎಂದು ಅವರಿಂದಲೇ ಓದಿಸಿದೆ. ಬುಧವಾರ. ನಾನು ಹೇಳಿದ್ದನ್ನು ನಂಬಿ ಎನ್ನುವ ಮುಖ ನನಗಿರಲಿಲ್ಲ. ಎಲೆಗೆ ಬಡಿಸುವುದಕ್ಕೆ ಮಗ ಇಲ್ಲವಲ್ಲ ಎಂದು ನಾನೇ ಕೇಳಿದೆ. ಅವರು ಫೋಟೋದ ಕಡೆ ನೋಡಿದರು.

“ನೀವು ಬನ್ನಿ. ಅವರು ಮೂವತ್ತೊಂದು ವರ್ಷ ನಿಮಗೆ ಬಡಿಸಿದ್ದಾರೆ. ಒಂದು ದಿನ ನೀವು ಅವರಿಗೆ ಬಡಿಸಿ.”

ಬುಧವಾರ ಪಂಕಜಾಳೂ ಜೊತೆಗೆ ಬಂದಳು. ಹುಟ್ಟಿದಂದಿನಿಂದ ನಾನು ಮೀನು ಮುಟ್ಟಿದವನಲ್ಲ, ಮೀನು ಬೇಯುವ ಮನೆಯಲ್ಲಿ ಹತ್ತು ನಿಮಿಷ ಕೂತವನೂ ಅಲ್ಲ. ವಾರಿಜಮ್ಮನಿಗೆ ಅದು ಗೊತ್ತಿತ್ತು. ಅನ್ನ, ಪಲ್ಯ, ಪಾಯಸ ನೀವು ಬಡಿಸಿ, ಗಸಿಯನ್ನು ನಾನು ಹಾಕುತ್ತೇನೆ ಎಂದರು. ಪಂಕಜಾ ನನ್ನ ಮುಖ ನೋಡಿದಳು. ನನ್ನ ಸಾಂಬಾರಿಗೆ ಈರುಳ್ಳಿ ಬೀಳದ ಹಾಗೆ ಮೂವತ್ತೊಂದು ವರ್ಷ ಅಡುಗೆಮನೆಯವರ ಹತ್ತಿರ ಜಗಳವಾಡಿದ ಸದಾನಂದನಿಗೆ ಏನು ಇಷ್ಟ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಊಟ ಆಯಿತಾ ಎಂದು ಕೂಡ ಕೇಳಿರಲಿಲ್ಲ. ಬೇಡ, ಅದನ್ನೂ ನಾನೇ ಬಡಿಸುತ್ತೇನೆ ಎಂದೆ.

ಎಲೆಯ ತುದಿಗೆ ಉಪ್ಪು ಹಾಕಿದೆ. ಪಲ್ಯ ಹಾಕಿದೆ, ಅನ್ನ ಹಾಕಿದೆ. ಕೆಂಪು ಗಸಿಯ ಪಾತ್ರೆ ಕೈಗೆ ಬಂದಾಗ ಉಸಿರು ಬಿಗಿಹಿಡಿದುಕೊಂಡು ಒಂದು ಮೀನನ್ನು ಸೌಟಿನಲ್ಲಿ ಎತ್ತಿ ಅನ್ನದ ಪಕ್ಕಕ್ಕೆ ಇಟ್ಟೆ. ಹೊರಗೆ ತಗಡಿನ ಮೇಲೆ ಎರಡು ಕಾಗೆ ಬಂದು ಕೂತ ಸದ್ದಾಯಿತು. ಪಾತ್ರೆ ಕೆಳಗಿಡಲು ಬಗ್ಗಿದಾಗ ವಾರಿಜಮ್ಮ ತಡೆದರು.

“ಇನ್ನೊಂದು ಹಾಕಿ ಸಾರ್. ಅವರು ಒಂದಕ್ಕೆ ಏಳುವವರಲ್ಲ.”

ಇನ್ನೊಂದು ಹಾಕಿದೆ.